ಓದುಗರ ಪ್ರಶ್ನೆ: ಈ ಪುಸ್ತಕ ಯಾರ ಮನೆಯದು?

ಹೋದ ತಿಂಗಳು ಈ ಅಂಕಣದಲ್ಲಿ ಮಾರ್ಜರಿ ಕೆಂಪ್ ಎಂಬ ಹೆಂಗಸಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಲಿನ್ ಎಂಬ ಬಂದರು ಪಟ್ಟಣದವಳು. ಸುಮಾರು 1373ರಲ್ಲಿ ಹುಟ್ಟಿದವಳು. ಹದಿನಾಲ್ಕು ಮಕ್ಕಳನ್ನು ಹೆತ್ತಳು. ಬಿಯರ್ ಮಾಡಿ ಮಾರಲು ಹೋಗಿ ಕೈ ಸುಟ್ಟುಕೊಂಡಳು. ಜೆರುಸಲೇಮಿಗೂ ರೋಮಿಗೂ ಯಾತ್ರೆ ಹೋದಳು. ಚರ್ಚಿನಲ್ಲಿ ಗೊಳೋ ಎಂದು ಅತ್ತು ಅಕ್ಕಪಕ್ಕದವರಿಗೆ ಸಾಕುಸಾಕು ಮಾಡಿದಳು. ಕೊನೆಗೆ ವಯಸ್ಸಾದ ಮೇಲೆ ತನ್ನ ಬಾಳಿನ ಕಥೆಯನ್ನು ಬಾಯಲ್ಲಿ ಹೇಳಿ ಬೇರೆಯವರ ಕೈಲಿ ಬರೆಸಿದಳು. ಇಂಗ್ಲಿಷಿನ ಮೊದಲ ಆತ್ಮಕಥೆ ಎಂದು ಅದನ್ನು ಕರೆಯುವುದುಂಟು. ಅದರ ಒಂದೇ ಒಂದು ಹಸ್ತಪ್ರತಿ ಉಳಿದಿದೆ ಎಂದು ಹೇಳಿ ನಾನು ಮುಂದೆ ಹೋಗಿದ್ದೆ.

ಓದುಗರು ಬಿಡಬೇಕಲ್ಲ! ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸಬರಿಗೆ ಒಂದು ಮಾತು: ನಾನು ಧಾರವಾಡದವಳು. ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಲೈಬ್ರರಿಯಲ್ಲಿ ಹಸ್ತಪ್ರತಿಗಳ ಕ್ಯಾಟಲಾಗ್ ಮಾಡುವ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ.

ಮೇಡಂ, ಒಂದು ಸೈಟು ಕೊಳ್ಳಬೇಕಾದರೆ ನಾವು ಮದರ್ ಡೀಡ್‌ನಿಂದ ಹಿಡಿದು ಎಲ್ಲ ಕಾಗದ ಕೇಳಿ ನೋಡುತ್ತೇವೆ. ಐನೂರು ವರ್ಷ ದಾಟಿದ ಪುಸ್ತಕಕ್ಕೆ ಅಂಥ ಕಾಗದ ಎಲ್ಲಿಂದ ತರುತ್ತಾರೆ? ಮಾರ್ಜರಿಯ ಪುಸ್ತಕ ಯಾರ್‍ಯಾರ ಕೈಲಿತ್ತು ಅಂತ ಹೇಗೆ ಗೊತ್ತಾಯಿತು?
— ಓದುಗರು, ಶಿವಮೊಗ್ಗ

ಕಾಗದಪತ್ರ ಪುಸ್ತಕದ ಒಳಗೇ ಇರುತ್ತದೆ. ಆದರೆ ಕಥೆ ಇರುವ ಜಾಗದಲ್ಲಲ್ಲ. ಹಸ್ತಪ್ರತಿ ಕೈಗೆ ಬಂದ ತಕ್ಷಣ ನಾವು ಓದಲು ಕೂರುವುದಿಲ್ಲ. ಮೊದಲು ರಟ್ಟು ನೋಡುತ್ತೇವೆ. ಆಮೇಲೆ ಮೊದಲ ಖಾಲಿ ಹಾಳೆ, ಕೊನೆಯ ಖಾಲಿ ಹಾಳೆ, ಹೊಲಿಗೆ, ಅಂಚು, ರಟ್ಟಿನ ಒಳಮೈಗೆ ಅಂಟಿಸಿದ ಚೂರುಪಾರು. ಒಡೆಯರು ತಮ್ಮ ಗುರುತು ಬಿಟ್ಟು ಹೋಗುವುದು ಅಂಥ ಕಡೆ. ಮನೆತನದವರು ಹೇಳುವ ಕಥೆ, ಮಾರುವವರು ಹೇಳುವ ಕಥೆ ಇವನ್ನೆಲ್ಲ ಕೇಳಿಸಿಕೊಳ್ಳಬೇಕು, ಬರೆದಿಟ್ಟುಕೊಳ್ಳಬೇಕು. ನಂಬುವುದು ಮಾತ್ರ ಹಾಳೆಯ ಮೇಲಿನ ಗುರುತನ್ನು.

ಮಾರ್ಜರಿಯ ಪುಸ್ತಕದ ಮನೆತನದ ಕಥೆ ಬಲು ಚೆನ್ನಾಗಿದೆ, ಅದನ್ನೇ ಮೊದಲು ಹೇಳುತ್ತೇನೆ. 1934. ಡರ್ಬಿಷೈರಿನಲ್ಲಿ, ಚೆಸ್ಟರ್‌ಫೀಲ್ಡ್ ಊರಿನ ಹತ್ತಿರ, ಬಟ್ಲರ್-ಬೌಡನ್ ಎಂಬ ಹಳೆಯ ಕ್ಯಾಥೊಲಿಕ್ ಮನೆತನದ ಕರ್ನಲ್ ಸಾಹೇಬರ ಮನೆ. ನೆಂಟರು, ಸ್ನೇಹಿತರು ಸೇರಿ ಪಿಂಗ್‌ಪಾಂಗ್ ಆಡುತ್ತಿದ್ದರಂತೆ. ಯಾರೋ ಚೆಂಡು ತುಳಿದರು. ಬೇರೆ ಚೆಂಡು ಹುಡುಕಲು ಕಪಾಟು ತೆಗೆದರೆ ಚರ್ಮದ ರಟ್ಟಿನ ಹಳೇ ಪುಸ್ತಕಗಳ ರಾಶಿ ಸುರಿಯಿತು. ಕರ್ನಲ್ ಸಾಹೇಬರಿಗೆ ಸಿಟ್ಟು ಬಂತು. ನಾಳೆ ಇದನ್ನೆಲ್ಲ ಬೆಂಕಿಗೆ ಹಾಕುತ್ತೇನೆ, ಆಗಲಾದರೂ ಬೇಕೆಂದಾಗ ಚೆಂಡು, ಬ್ಯಾಟು ಸಿಗುತ್ತವೆ ಎಂದರಂತೆ. ಅಲ್ಲಿದ್ದ ಸ್ನೇಹಿತರೊಬ್ಬರು, ತಾಳಿ, ಮೊದಲು ತಿಳಿದವರಿಗೆ ತೋರಿಸಿ ಎಂದು ತಡೆದರು. ಪುಸ್ತಕ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಬಂತು. ಮಧ್ಯಯುಗದ ಭಕ್ತಿ ಬರಹಗಳಲ್ಲಿ ಪಳಗಿದ್ದ ಅಮೆರಿಕದ ವಿದ್ವಾಂಸೆ ಹೋಪ್ ಎಮಿಲಿ ಆಲೆನ್ ಅದನ್ನು ನೋಡಿ ಗುರುತು ಹಿಡಿದರು. ಆ ವರ್ಷದ ಡಿಸೆಂಬರ್ 27ರ ‘ಟೈಮ್ಸ್’ ಪತ್ರಿಕೆಯಲ್ಲಿ ಅವರ ಪತ್ರ ಬಂತು.

ಗುರುತು ಹಿಡಿಯಲು ಅವರ ಹತ್ತಿರ ಇದ್ದದ್ದು ಬಹಳ ಕಡಿಮೆ. ಅಲ್ಲಿಯವರೆಗೆ ಲೋಕಕ್ಕೆ ಮಾರ್ಜರಿ ಅಂದರೆ ಕೆಲವೇ ಪುಟದ ಒಂದು ಅಚ್ಚಿನ ಪುಸ್ತಿಕೆ, ಅಷ್ಟೇ. ವಿಂಕಿನ್ ಡಿ ವರ್ಡ್ ಎಂಬ ಲಂಡನ್ನಿನ ಮುದ್ರಕ ಸುಮಾರು 1501ರಲ್ಲಿ ಅದನ್ನು ಅಚ್ಚು ಹಾಕಿದ್ದ. ಅಳು, ಜಗಳ, ಯಾತ್ರೆ ಎಲ್ಲ ಹೋಗಿ ಬರೀ ಭಕ್ತಿಯ ಮಾತು ಉಳಿದಿತ್ತು. 1521ರಲ್ಲಿ ಹೆನ್ರಿ ಪೆಪ್‌ವೆಲ್ ಎಂಬಾತ ಅದನ್ನೇ ಮತ್ತೆ ಅಚ್ಚು ಮಾಡಿದಾಗ ಅವಳನ್ನು ಗೋಡೆಯೊಳಗೆ ಕೂತು ಜಪ ಮಾಡುವ ಏಕಾಂತವಾಸಿ ಮಾಡಿಬಿಟ್ಟ. ಊರೂರು ಸುತ್ತಿದ ಹೆಂಗಸನ್ನು!

ಈಗ ಹಾಳೆಯ ಮೇಲಿನ ಗುರುತಿಗೆ ಬರೋಣ. ಪುಸ್ತಕದ ಶುರುವಿನಲ್ಲೇ ಒಂದು ಸಾಲಿದೆ. ಅರ್ಧ ಲ್ಯಾಟಿನ್, ಅರ್ಧ ಇಂಗ್ಲಿಷ್: ‘ಲಿಬೆರ್ ಮಾಂಟಿಸ್ ಗ್ರಾಸಿಯೆ. ದಿಸ್ ಬೋಕ್ ಈಸ್ ಆಫ್ ಮೌಂಟೆಗ್ರೇಸ್.’ ಇದು ಮೌಂಟ್ ಗ್ರೇಸ್ ಮಠದ ಪುಸ್ತಕ, ಅಂತ. ಮೌಂಟ್ ಗ್ರೇಸ್ ಯಾರ್ಕ್‌ಷೈರಿನಲ್ಲೇ ಇದೆ, ನಾರ್ತಲರ್ಟನ್ ಊರಿನ ಆಚೆ, ಗುಡ್ಡದ ಬುಡದಲ್ಲಿ. 1398ರಲ್ಲಿ ಕಟ್ಟಿದ ಕಾರ್ಥೂಸಿಯನ್ ಮಠ. ಆ ಪಂಥದವರು ಮಾತೇ ಆಡುವುದಿಲ್ಲ ಎನ್ನಬಹುದು. ಒಬ್ಬೊಬ್ಬ ಸನ್ಯಾಸಿಗೂ ಬೇರೆ ಪುಟ್ಟ ಮನೆ, ಹಿಂದೆ ತೋಟ. ಊಟ ಕೊಡಲು ಗೋಡೆಯಲ್ಲಿ ಒಂದು ಗೂಡು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಮುಖ ಕಾಣಬಾರದೆಂದು ಆ ಗೂಡನ್ನು ಒಳಗೆ ಸೊಟ್ಟಗೆ ತಿರುಗಿಸಿದ್ದಾರೆ. ನಮ್ಮ ಕಡೆಯವರು ಯಾರೇ ಬಂದರೂ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲರೂ ಆ ಗೂಡಿನೊಳಗೆ ಕೈ ಹಾಕಿ ನೋಡುತ್ತಾರೆ.

ಇಷ್ಟು ಮೌನದ ಜಾಗದಲ್ಲಿ ಅಳುಬುರುಕಿ ಮಾರ್ಜರಿಯ ಪುಸ್ತಕಕ್ಕೆ ಏನು ಕೆಲಸ? ಅಂಚು ನೋಡಿದರೆ ಉತ್ತರ ಸಿಗುತ್ತದೆ. ಒಬ್ಬರಲ್ಲ, ಹಲವರು ಆ ಪುಸ್ತಕದ ಅಂಚಿನಲ್ಲಿ ಬರೆದಿದ್ದಾರೆ. ಅವರಲ್ಲಿ ಒಬ್ಬ ಕೆಂಪು ಶಾಯಿಯವನು, ಅವನಂತೂ ಬಿಡದೆ ಓದಿದ್ದಾನೆ. ಅವಳು ಅತ್ತು ಬಿದ್ದು ಹೊರಳಾಡಿದ ಕಡೆಗಳಲ್ಲಿ, ಫಾದರ್ ಎಂ. ಹೀಗೇ ಮಾಡುತ್ತಿದ್ದರು ಎಂಬಂಥ ಮಾತಿದೆ. ಆರ್.ಎಂ. ಮತ್ತು ಫಾದರ್ ನಾರ್ಟನ್ ಎಂಬ ಹೆಸರೂ ಬರುತ್ತದೆ. ಇವರು ಯಾರೋ ಅಲ್ಲ. ರಿಚರ್ಡ್ ಮೆಥ್ಲಿ ಮತ್ತು ಜಾನ್ ನಾರ್ಟನ್, ಇಬ್ಬರೂ ಮೌಂಟ್ ಗ್ರೇಸಿನ ಸನ್ಯಾಸಿಗಳೇ. ಇಬ್ಬರಿಗೂ ಇಂಥ ಭಾವಾವೇಶ ಬರುತ್ತಿತ್ತೆಂದು ಅವರ ಬರಹಗಳೇ ಹೇಳುತ್ತವೆ. ಅಂದರೆ, ಪುಸ್ತಕ ಮಠದ ಕಪಾಟಿನಲ್ಲಿ ಸುಮ್ನೆ ಕೂತಿರಲಿಲ್ಲ. ತಮ್ಮ ಗುರುಗಳನ್ನು ಕಂಡಿದ್ದ, ಇಲ್ಲವೇ ಅವರ ವಿಷಯ ಚೆನ್ನಾಗಿ ಕೇಳಿದ್ದ ಜನ ಅದನ್ನು ಓದುತ್ತಿದ್ದರು. ‘ಇದು ನಮ್ಮ ಪುಸ್ತಕ’ ಎಂಬ ಸಾಲಿಗಿಂತ ಈ ಅಂಚಿನ ಗೀಚು ನನಗೆ ದೊಡ್ಡ ಸಾಕ್ಷಿ. ಒಡೆತನದ ಸಾಲನ್ನು ಯಾರು ಬೇಕಾದರೂ ಬರೆದುಬಿಡಬಹುದು. ಪಕ್ಕದ ಮನೆಯ ಸ್ವಾಮಿಗಳು ಹೇಗೆ ಅಳುತ್ತಿದ್ದರು ಎಂಬುದನ್ನು ಹೊರಗಿನವರು ಬರೆಯಲಾರರು.

ಇದು ಒಡೆಯರ ಮಾತಾಯಿತು. ಹುಟ್ಟಿದ ಊರು ಬೇರೆ. ಈ ಎರಡನ್ನೂ ಕಲಸಬಾರದು. ಪುಸ್ತಕದ ಕೊನೆಯಲ್ಲಿ ಈ ಪ್ರತಿಯನ್ನು ನಕಲು ಮಾಡಿದವನು ತನ್ನ ಹೆಸರು ಹಾಕಿದ್ದಾನೆ: ಸಾಲ್ಟ್‌ಹೌಸ್. ನಾರ್ಫೋಕ್ ಕಡಲ ದಂಡೆಯಲ್ಲಿ ಅದೇ ಹೆಸರಿನ ಹಳ್ಳಿ ಇದೆ. ಆದರೆ ಹಳ್ಳಿಯ ಹೆಸರಿನವರು ಎಲ್ಲಿ ಬೇಕಾದರೂ ಇರಬಹುದಲ್ವಾ? ಹಾಗಾಗಿ ಕಾಗುಣಿತ ನೋಡಿದರು. ‘ಶಲ್’, ‘ಶುಡ್’ ಎಂದು ಬರುವ ಕಡೆ ಈತ ಎಸ್-ಎಚ್ ಬರೆಯದೆ ಎಕ್ಸ್ ಅಕ್ಷರ ಹಾಕುತ್ತಾನೆ. ಅದು ನಾರ್ಫೋಕ್ ಸುತ್ತಿನವರ ರೂಢಿ. ಆ ಕಾಲದಲ್ಲಿ ಇಂಗ್ಲಿಷಿಗೆ ಒಂದೇ ಕಾಗುಣಿತ ಇರಲಿಲ್ಲ, ಒಂದೊಂದು ಸೀಮೆಗೆ ಒಂದೊಂದು. 1986ರಲ್ಲಿ ಮ್ಯಾಕಿಂಟಾಶ್, ಸ್ಯಾಮ್ಯುಯೆಲ್ಸ್, ಬೆನ್ಸ್‌ಕಿನ್ ಎಂಬ ಮೂವರು ಇಂಥ ರೂಢಿಗಳನ್ನೆಲ್ಲ ನಕ್ಷೆಗಳ ಮೇಲೆ ಗುರುತಿಸಿ ದೊಡ್ಡ ಸಂಪುಟಗಳನ್ನೇ ತಂದರು. ನನ್ನ ಮೇಜಿನ ಪಕ್ಕ ಅವು ಸದಾ ಇರುತ್ತಿದ್ದವು. ಎತ್ತಿ ಎತ್ತಿ ಕೈ ನೋವು.

ಪುಸ್ತಕ ಚರ್ಮದ ಹಾಳೆಯದ್ದಲ್ಲ, ಕಾಗದದ್ದು. ಅದು ಪತ್ತೆದಾರರ ಅದೃಷ್ಟ. ಕಾಗದಕ್ಕೆ ನೀರಚ್ಚು ಇರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ನೀರಚ್ಚಿನಿಂದ ಕಾಗದದ ಕಾಲ ತಿಳಿಯುತ್ತದೆ. ಇಲ್ಲಿ ಅದು 15ನೇ ಶತಮಾನದ ನಡುಭಾಗಕ್ಕೆ ಹೊಂದುತ್ತದೆ. ರಟ್ಟಿಗೆ ಬಳಸಿದ ಹಳೇ ಪತ್ರವೊಂದು ಸುಮಾರು 1440ರದು. ಪೋಪ್ ಕಡೆಯ ಅಧಿಕಾರಿ ಪೀಟರ್ ಡಿ ಮಾಂಟೆ ಎಂಬುವರು ಕೇಂಬ್ರಿಜ್ ಕಡೆಯ ಸೋಹಮ್ ಊರಿನ ಪಾದ್ರಿಗೆ ಬರೆದದ್ದು. ಬೇಡವಾದ ಪತ್ರವನ್ನು ಬೈಂಡಿಂಗ್ ಮಾಡುವವನು ಬಳಸಿಕೊಂಡಿದ್ದಾನೆ. ಅದೂ ಇಂಗ್ಲೆಂಡಿನ ಪೂರ್ವ ಸೀಮೆಯನ್ನೇ ತೋರಿಸುತ್ತದೆ. ಇತ್ತೀಚೆಗೆ ಆಂಥನಿ ಬೇಲ್ ಎಂಬ, ಆಗ ಲಂಡನ್ನಿನಲ್ಲಿದ್ದ ಪ್ರಾಧ್ಯಾಪಕರು ಒಂದು ಹೆಜ್ಜೆ ಮುಂದೆ ಹೋದರು. ನಾರ್ಫೋಕ್ ಸೀಮೆಯದೇ ಆದ ನಾರಿಚ್ ಊರಿನ ಕೆಥೆಡ್ರಲ್ಲಿನ ಮಠದಲ್ಲಿದ್ದ ರಿಚರ್ಡ್ ಸಾಲ್ಟ್‌ಹೌಸ್ ಎಂಬ ಸನ್ಯಾಸಿಯೇ ಈ ಲಿಪಿಕಾರ ಎಂದು ತೋರಿಸಿಕೊಟ್ಟರು. ಅವರ ವಾದ ನನಗೆ ಒಪ್ಪಿಗೆ.

ಹಾಗಾಗಿ ಸರಪಳಿ ಹೀಗಿದೆ. ನಾರಿಚ್‌ನಲ್ಲಿ ಬರೆದದ್ದು. ಅಲ್ಲಿಂದ ಉತ್ತರಕ್ಕೆ, ಮೌಂಟ್ ಗ್ರೇಸಿಗೆ. 1539ರ ಡಿಸೆಂಬರಿನಲ್ಲಿ ಮಠ ಮುಚ್ಚಿತು. ಆಮೇಲೆ ದೊಡ್ಡ ಕಂದರ. ಮತ್ತೆ ಗಟ್ಟಿ ನೆಲ ಸಿಗುವುದು 18ನೇ ಶತಮಾನದಲ್ಲಿ, ಬೌಡನ್ ಮನೆತನದ ಬುಕ್‌ಪ್ಲೇಟ್‌ನಿಂದ. ಬುಕ್‌ಪ್ಲೇಟ್ ಅಂದರೆ ಒಡೆಯನ ಹೆಸರು ಅಚ್ಚು ಹಾಕಿ ಒಳರಟ್ಟಿಗೆ ಅಂಟಿಸುವ ಚೀಟಿ. 1980ರಲ್ಲಿ ಹರಾಜಾಗಿ ಬ್ರಿಟಿಷ್ ಲೈಬ್ರರಿಗೆ ಬಂತು. ಕಂದರಕ್ಕೆ ಸೇತುವೆ ಕಟ್ಟುವ ಊಹೆಗಳು ಬೇಕಾದಷ್ಟಿವೆ. ಮಠ ಬಿಟ್ಟ ಸನ್ಯಾಸಿ ಯಾವುದೋ ಕ್ಯಾಥೊಲಿಕ್ ಮನೆಯಲ್ಲಿ ಬಚ್ಚಿಟ್ಟ ಎಂದು ಹೇಳಲು ಎಲ್ಲರಿಗೂ ಆಸೆ. ನನಗೂ ಆಸೆಯೇ. ಆದರೆ ಕ್ಯಾಟಲಾಗಿನಲ್ಲಿ ಆಸೆಗೆ ಕಾಲಂ ಇಲ್ಲ.

ಅಕ್ಕಾ, ಮಠ ಮುಚ್ಚಿದರು ಅಂದರೆ ಯಾರು, ಯಾಕೆ? ಪುಸ್ತಕ ಎಲ್ಲ ಏನಾದವು?
— ವಿದ್ಯಾರ್ಥಿನಿ, ಹುಬ್ಬಳ್ಳಿ

ಎಂಟನೇ ಹೆನ್ರಿ ದೊರೆ. ಪೋಪ್ ಜೊತೆ ಸಂಬಂಧ ಕಡಿದುಕೊಂಡು, 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ತೆಗೆದುಕೊಂಡ. ಭೂಮಿ, ಬೆಳ್ಳಿ, ಚಾವಣಿಯ ಸೀಸ, ಎಲ್ಲಕ್ಕೂ ಲೆಕ್ಕ ಇತ್ತು. ಪುಸ್ತಕಕ್ಕೆ ಯಾರೂ ಲೆಕ್ಕ ಇಡಲಿಲ್ಲ.

ಜಾನ್ ಬೇಲ್ ಎಂಬಾತ 1549ರಲ್ಲಿ ಇದನ್ನು ನೆನೆದು ಹೊಟ್ಟೆ ಉರಿದುಕೊಂಡು ಬರೆದಿದ್ದಾನೆ. (ಮೇಲೆ ಹೇಳಿದ ಪ್ರಾಧ್ಯಾಪಕರಿಗೂ ಇವನಿಗೂ ಹೆಸರಿನ ಹೊರತು ಸಂಬಂಧ ಇಲ್ಲ.) ಜನ ಮಠದ ಪುಸ್ತಕಗಳನ್ನು ಕೊಂಡು, ಕೆಲವು ಹಾಳೆಗಳಿಂದ ದೀಪದ ಕಂಬ ತಿಕ್ಕಿದರು, ಕೆಲವುಗಳಿಂದ ಬೂಟು ಉಜ್ಜಿದರು, ಕೆಲವನ್ನು ಕಿರಾಣಿಯವರಿಗೂ ಸಾಬೂನು ಮಾರುವವರಿಗೂ ಕೊಟ್ಟರು, ಹಡಗು ತುಂಬಿಸಿ ಪರದೇಶದ ಬೈಂಡರುಗಳಿಗೂ ಕಳಿಸಿದರು ಅಂತ. ಗಮನಿಸಿ, ಈತ ಮಠಗಳ ಪರ ಅಲ್ಲ. ಕಟ್ಟಾ ಪ್ರಾಟೆಸ್ಟೆಂಟ್. ಅಂಥವನಿಗೇ ಸಂಕಟ ಆಗಿತ್ತು.

ಉಳಿದದ್ದು ಕೆಲವು ಹುಚ್ಚರಿಂದ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ಹುಡುಕಿ ಹುಡುಕಿ ತರಿಸಿ ಕೇಂಬ್ರಿಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಕೊಟ್ಟರು. ಅಂಚಿನಲ್ಲಿ ಕೆಂಪು ಸೀಸದ ಕಡ್ಡಿಯ ಗೀಟು ಕಂಡರೆ ಪಾರ್ಕರ್ ಮನೆಯವರ ಕೈ ಇರಬಹುದೇ ಎಂದು ನಾವು ಕತ್ತು ಉದ್ದ ಮಾಡುತ್ತೇವೆ. ಇನ್ನೊಬ್ಬ ಸರ್ ರಾಬರ್ಟ್ ಕಾಟನ್. ಅವನ ಕಪಾಟುಗಳ ಮೇಲೆ ರೋಮ್ ಚಕ್ರವರ್ತಿಗಳ ತಲೆಯ ಮೂರ್ತಿಗಳು. ಪುಸ್ತಕದ ನಂಬರೂ ಹಾಗೆಯೇ. ‘ಬೇವುಲ್ಫ್’ ಎಂಬ ಹಳೇ ಇಂಗ್ಲಿಷ್ ಕಾವ್ಯದ ಒಂದೇ ಹಸ್ತಪ್ರತಿ ಇರುವುದು ‘ವಿಟೆಲಿಯಸ್ ಎ 15’ರಲ್ಲಿ. ವಿಟೆಲಿಯಸ್ ತಲೆಯ ಕೆಳಗೆ, ಮೊದಲ ಸಾಲು, ಹದಿನೈದನೇ ಪುಸ್ತಕ. ತಲೆ ಹೋಯಿತು, ಕಪಾಟು ಹೋಯಿತು, ನಂಬರ್ ಮಾತ್ರ ಇವತ್ತಿಗೂ ಅದೇ. 1731ರ ಅಕ್ಟೋಬರ್ 23ರಂದು ಆ ಲೈಬ್ರರಿಗೆ ಬೆಂಕಿ ಬಿತ್ತು. ಬೇವುಲ್ಫ್ ಹಾಳೆಗಳ ಅಂಚು ಸುಟ್ಟು ಕರಕಲಾಯಿತು. ಅಂಚು ಸುಟ್ಟರೆ ನಮ್ಮಂಥವರಿಗೆ ಏನು ನಷ್ಟ ಅಂತ ಈಗ ನಿಮಗೆ ಗೊತ್ತಾಗಿರಬೇಕು. ಆ ಪುಸ್ತಕದಲ್ಲಿ ಉಳಿದಿರುವ ಹಳೆಯ ಒಡೆಯನ ಗುರುತು ಲಾರೆನ್ಸ್ ನೋವೆಲ್ ಎಂಬಾತನ ಹೆಸರು ಮತ್ತು 1563 ಎಂಬ ಇಸವಿ. ಕಾವ್ಯ ಬರೆದುಕೊಂಡದ್ದು ಸಾವಿರದ ಇಸವಿಯ ಆಸುಪಾಸು. ಅಷ್ಟೂ ಕಾಲ ಎಲ್ಲಿತ್ತು ಎಂದು ಹೇಳಲು ಒಂದು ಹೆಸರೂ ಇಲ್ಲ.

ಒಡೆಯರು ಹೆಸರು ಬರೆದಿರುತ್ತಾರೆ ಸರಿ. ಕದ್ದವರು ಅದನ್ನು ಕೆರೆದು ಹಾಕುವುದಿಲ್ಲವೇ?
— ಓದುಗರು, ಮಂಗಳೂರು

ಕೆರೆಯುತ್ತಾರೆ! ಚರ್ಮದ ಹಾಳೆಯಲ್ಲಿ ಅದು ಸುಲಭ ಕೂಡ. ಚಾಕುವಿನಿಂದ ಮೇಲ್ಪದರ ತೆಗೆದರೆ ಆಯಿತು. ಆದರೆ ಆ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಒಳಗೆ ಇಳಿದಿರುತ್ತದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದರೆ ಚರ್ಮ ಹೊಳೆಯುತ್ತದೆ, ಶಾಯಿ ಇದ್ದ ಜಾಗ ಕಪ್ಪಗೆ ಕಾಣುತ್ತದೆ. ಹೋದ ಹೆಸರು ಎದ್ದು ಕೂರುತ್ತದೆ. ಈ ಕೆಲಸದಲ್ಲಿ ನನಗೆ ಎಂದೂ ಬೇಸರ ಬರದ ಗಳಿಗೆ ಅದು.

ಎಲ್ಲ ಕೆರೆತವೂ ಕಳ್ಳತನ ಅಲ್ಲ. 1538ರಲ್ಲಿ ಹೆನ್ರಿ ದೊರೆ, ಕ್ಯಾಂಟರ್‌ಬರಿಯ ಹಿಂದಿನ ಕಾಲದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಸಂತನೇ ಅಲ್ಲ, ಅವನ ಹೆಸರನ್ನು ಎಲ್ಲ ಪುಸ್ತಕಗಳಿಂದ ಅಳಿಸಿ ಎಂದು ಆಜ್ಞೆ ಹೊರಡಿಸಿದ. ಪ್ರಾರ್ಥನೆ ಪುಸ್ತಕದ ಪಂಚಾಂಗದಲ್ಲಿ ಬೆಕೆಟ್ ಹಬ್ಬದ ದಿನವಾದ ಡಿಸೆಂಬರ್ 29ರ ಸಾಲು ಕೆರೆದಿದ್ದರೆ ನಮಗೆ ಖುಷಿ. ಆ ಹೊತ್ತಿಗೆ ಪುಸ್ತಕ ಇಂಗ್ಲೆಂಡಿನಲ್ಲಿತ್ತು, ದೊರೆಗೆ ಹೆದರುವವರ ಮನೆಯಲ್ಲಿತ್ತು ಎಂದು ಹೇಳಬಹುದು. ಕೆಲವರು ಜಾಣರು, ತೆಳ್ಳಗೆ ಒಂದು ಗೀಟು ಎಳೆದು ಬಿಟ್ಟಿರುತ್ತಾರೆ. ಬೇಕಾದವರು ಓದಿಕೊಳ್ಳಲಿ ಅಂತ.

ಮಠದವರಿಗೂ ಕಳ್ಳರ ಭಯ ಗೊತ್ತಿತ್ತು. ಹೀಗಾಗಿ ಲೈಬ್ರರಿ ಪಟ್ಟಿಯಲ್ಲಿ ಪುಸ್ತಕದ ಹೆಸರಿನ ಜೊತೆ ಎರಡನೇ ಹಾಳೆಯ ಮೊದಲ ಪದವನ್ನೂ ಬರೆದಿಡುತ್ತಿದ್ದರು. ಕೈಬರಹ ಅಲ್ವಾ, ಒಂದೇ ಗ್ರಂಥದ ಎರಡು ಪ್ರತಿಗಳಲ್ಲಿ ಎರಡನೇ ಹಾಳೆ ಒಂದೇ ಪದದಿಂದ ಶುರುವಾಗುವುದು ಬಹಳ ಅಪರೂಪ. ಯಾರೂ ಅಳಿಸಲು ಹೋಗದ ಗುರುತು ಅದು. ಮಠದ ಪಟ್ಟಿ ಉಳಿದಿದ್ದರೆ ಆ ಪದ ಇಟ್ಟುಕೊಂಡು ಇವತ್ತಿಗೂ ಪುಸ್ತಕವನ್ನು ಅದರ ಹಳೇ ಕಪಾಟಿಗೆ ಸೇರಿಸಬಹುದು. ನೀಲ್ ಕೆರ್ ಎಂಬ ಮಹಾನುಭಾವರು ಯಾವ ಪುಸ್ತಕ ಯಾವ ಮಠದ್ದು ಎಂದು 1941ರಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ಬ್ರಿಟನ್ನಿನಲ್ಲಿ ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಮಾರ್ಜರಿ ಪುಸ್ತಕದ ಹಿಂದೆ ಯಾವುದೋ ಅಡುಗೆ ಬರೆದಿದೆಯಂತೆ, ನಿಜವೇ?
— ಗೃಹಿಣಿ, ಶಿರಸಿ

ಅಡುಗೆ ಅಲ್ಲ, ಮನೆಮದ್ದು. ಕೊನೆಯ ಹಾಳೆಯಲ್ಲಿ ಮಾಸಿ ಹೋದ ಕೆಲವು ಸಾಲುಗಳಿದ್ದವು. ಬರಿಗಣ್ಣಿಗೆ ಓದಲು ಆಗುತ್ತಿರಲಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿ ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೊ ತೆಗೆದ ಮೇಲೆ ಲಾರಾ ಕಾಲಸ್ ಎಂಬ ಸಂಶೋಧಕಿ ಅದನ್ನು ಬಿಡಿಸಿ ಓದಿದರು. ಹೊಟ್ಟೆ ಕೆಟ್ಟಾಗ ತಿನ್ನುವ ಒಂದು ಬಗೆಯ ಮಸಾಲೆ ಮಿಠಾಯಿ. ಸಕ್ಕರೆ, ಸೋಂಪು, ಜಾಯಿಕಾಯಿ, ದಾಲ್ಚಿನ್ನಿ, ಶುಂಠಿ. ನಿಮ್ಮ ಡಬ್ಬಿಯಲ್ಲಿರುವ ಸಾಮಾನೇ. ಆ ಕಾಲಕ್ಕೆ ಇವುಗಳಲ್ಲಿ ಹೆಚ್ಚಿನವು ಯುರೋಪಿಗೆ ಬಹಳ ದೂರದಿಂದ ಹೋಗುತ್ತಿದ್ದವು. ಶುಂಠಿ ನಮ್ಮ ಪಡುವಣ ಕರಾವಳಿಯಿಂದಲೂ ಹೋಗುತ್ತಿತ್ತು. ದುಬಾರಿ ಸಾಮಾನು. ಇದನ್ನು ಬರೆದುಕೊಂಡವರ ಹತ್ತಿರ ದುಡ್ಡಿತ್ತು, ಇಲ್ಲವೇ ರೋಗಿಗಳನ್ನು ನೋಡಿಕೊಳ್ಳುವ ಮಠದ ಉಗ್ರಾಣ ಇತ್ತು. ಒಡೆಯರನ್ನು ಹುಡುಕುವಾಗ ಇಂಥದ್ದನ್ನೂ ಬಿಡುವ ಹಾಗಿಲ್ಲ.

ನಾನು ವಕೀಲ. ಗುರುತು, ಗೀಚು ಎಲ್ಲ ಸರಿ. ಕೋರ್ಟಿಗೆ ಹೋದರೆ ಒಡೆತನ ಎಂಬುದು ಬೇರೆಯೇ ಮಾತು. ಅಂಥ ಜಗಳ ಆದದ್ದುಂಟೇ?
— ಓದುಗರು, ಬೆಂಗಳೂರು

ಸಾಹೇಬರೇ, ನಿಮಗೆಂದೇ ಒಂದು ಇಟ್ಟಿದ್ದೇನೆ. ಲಟ್ರೆಲ್ ಸಾಲ್ಟರ್. ಸಾಲ್ಟರ್ ಅಂದರೆ ಬೈಬಲಿನ ಕೀರ್ತನೆಗಳ ಪುಸ್ತಕ. ಇಂಗ್ಲೆಂಡಿನ ಶಾಲೆ ಪುಸ್ತಕಗಳಲ್ಲಿ ಮಧ್ಯಯುಗದ ರೈತರು ಉಳುವ, ಬಿತ್ತುವ, ಒಕ್ಕುವ ಬಣ್ಣದ ಚಿತ್ರ ಕಂಡರೆ ಬಹುಪಾಲು ಇದರದ್ದೇ. 14ನೇ ಶತಮಾನದ ಮೊದಲರ್ಧದ್ದು. ಇದರ ಮೂಲ ಹುಡುಕುವ ಕಷ್ಟವೇ ಇಲ್ಲ. ಕುದುರೆ ಮೇಲೆ ಕೂತ ಒಡೆಯನ ಚಿತ್ರದ ಮೇಲೆ, ಜೆಫ್ರಿ ಲಟ್ರೆಲ್ ಪ್ರಭು ನನ್ನನ್ನು ಮಾಡಿಸಿದ ಎಂದು ಪುಸ್ತಕವೇ ಲ್ಯಾಟಿನ್ನಿನಲ್ಲಿ ಹೇಳುತ್ತದೆ. ಲಿಂಕನ್‌ಷೈರಿನ ಅರ್ನ್‌ಹಮ್ ಊರಿನವನು, 1345ರಲ್ಲಿ ಸತ್ತ.

ಆಮೇಲೆ ಅದು ಡಾರ್ಸೆಟ್‌ನ ಲಲ್ವರ್ತ್ ಕೋಟೆಯ ವೆಲ್ಡ್ ಮನೆತನಕ್ಕೆ ಬಂತು. ಆ ಮನೆಯವರು ಅದನ್ನು 1896ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿ ನೋಡುವವರಿಗೆಂದು ಇಟ್ಟಿದ್ದರು. 1929ರಲ್ಲಿ ಮಾರಲು ಹೊರಟರು. ಸಾದಬೀಸ್ ಎಂಬ ಹರಾಜು ಕಂಪನಿಯಲ್ಲಿ ದಿನ ನಿಗದಿಯಾಯಿತು. ಅಮೆರಿಕದ ಸಾಹುಕಾರರು ಹೊತ್ತುಕೊಂಡು ಹೋಗುತ್ತಾರೆಂದು ಮ್ಯೂಸಿಯಂನವರಿಗೆ ನಿದ್ದೆ ಇಲ್ಲ. ಅಷ್ಟರಲ್ಲಿ, ಹರಾಜು ಹತ್ತಿರ ಬಂದಾಗ, ಮನೆತನದ ದಸ್ತಾವೇಜು ನೋಡಿದವರಿಗೆ ಗೊತ್ತಾಯಿತು: ಮಾರಲು ಹೊರಟವರು ಒಡೆಯರೇ ಅಲ್ಲ! ಕಾನೂನಿನ ಪ್ರಕಾರ ಪುಸ್ತಕ ಮೇರಿ ಆಂಜೆಲಾ ನೋಯ್ಸ್ ಎಂಬ ಹೆಂಗಸಿನದು. ಅವರ ಮೊದಲ ಗಂಡ ಆ ಮನೆತನದ ವಾರಸುದಾರ, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರು. ಆಮೇಲೆ ಅವರು ಕವಿ ಆಲ್ಫ್ರೆಡ್ ನೋಯ್ಸ್ ಅವರನ್ನು ಮದುವೆಯಾಗಿದ್ದರು.

ಆಕೆ ಮ್ಯೂಸಿಯಂಗೇ ಕೊಡಲು ಒಪ್ಪಿದರು. ಬೆಲೆ 31,500 ಪೌಂಡು. ಮ್ಯೂಸಿಯಂ ಹತ್ತಿರ ದುಡ್ಡಿಲ್ಲ. ಆಗ ಒಂದು ವರ್ಷ ಬಡ್ಡಿ ಇಲ್ಲದೆ ಸಾಲ ಕೊಟ್ಟವರು ಯಾರು ಗೊತ್ತೇ? ಅಮೆರಿಕದ ಸಾಹುಕಾರ ಜೆ.ಪಿ. ಮಾರ್ಗನ್. ಯಾರು ಹೊತ್ತೊಯ್ಯುತ್ತಾರೆಂದು ಹೆದರಿದ್ದರೋ ಅಂಥವರೇ.

ನೂರಾರು ವರ್ಷದ ಹಿಂದಿನ ಒಡೆಯ ಸಲೀಸಾಗಿ ಸಿಕ್ಕಿದ, ಎದುರಿಗಿದ್ದ ಒಡತಿ ಸಿಗಲಿಲ್ಲ. ಈ ಕೆಲಸದಲ್ಲಿ ಇದು ಮಾಮೂಲು. ಹರಾಜಿನ ಕ್ಯಾಟಲಾಗುಗಳಲ್ಲಿ ‘ಒಬ್ಬ ಮಹನೀಯರ ಸ್ವತ್ತು’ ಎಂದು ಬರೆದು ಮುಗಿಸುವ ಸಂಪ್ರದಾಯವೊಂದಿದೆ. ಮೈ ಉರಿಯುತ್ತದೆ ನನಗೆ. ಮುಂದೆ ಹುಡುಕುವವರಿಗೆ ಆ ಮಹನೀಯರೇ ದೊಡ್ಡ ಕಂದರ.

ತನ್ನ ಕೈಗೆ ಹೇಗೆ ಬಂತು ಅಂತ ಯಾವ ಒಡೆಯನೂ ಪ್ರಾಮಾಣಿಕವಾಗಿ ಬರೆದಿಟ್ಟಿಲ್ಲವೇ?
— ಓದುಗರು, ಕುಂದಾಪುರ

ಇಟ್ಟಿದ್ದಾನೆ. 9ನೇ ಶತಮಾನದವನು. ಕೋಡೆಕ್ಸ್ ಆರಿಯಸ್ ಎಂಬ ಸುವಾರ್ತೆ ಪುಸ್ತಕ, ಕೆಲವು ಹಾಳೆಗಳಿಗೆ ನೇರಳೆ ಬಣ್ಣ ಹಾಕಿ ಮಾಡಿದ್ದು. ವೈಕಿಂಗ್ ದಂಡು ಬಂದು ದೋಚಿಕೊಂಡು ಹೋಗಿತ್ತು. ಆಲ್ಫ್ರೆಡ್ ಎಂಬ ಸರದಾರ ಮತ್ತು ಅವನ ಹೆಂಡತಿ ವೆರ್ಬುರ್ ಅದನ್ನು ಅವರಿಂದ ಬಿಡಿಸಿಕೊಂಡರು. ಅದನ್ನು ಹಳೇ ಇಂಗ್ಲಿಷಿನಲ್ಲಿ ಪುಸ್ತಕದ ಅಂಚಿನಲ್ಲೇ ಬರೆಸಿದರು: ನಮ್ಮದೇ ದುಡ್ಡಿನಿಂದ, ಅಪ್ಪಟ ಬಂಗಾರ ಕೊಟ್ಟು, ಆ ದಂಡಿನಿಂದ ಇದನ್ನು ಪಡೆದೆವು. ಕ್ಯಾಂಟರ್‌ಬರಿಯ ಕ್ರೈಸ್ಟ್ ಚರ್ಚ್‌ಗೆ ಕೊಡುತ್ತಿದ್ದೇವೆ. ಯಾರೂ ಇದನ್ನು ಅಲ್ಲಿಂದ ಎತ್ತಿಕೊಂಡು ಹೋಗಬಾರದು. ಪಕ್ಕದಲ್ಲಿ ಮಗಳ ಹೆಸರನ್ನೂ ಸೇರಿಸಿದ್ದಾರೆ.

ಆದರೂ ಎತ್ತಿಕೊಂಡು ಹೋದರು. 1690ರಲ್ಲಿ ಅದು ಮ್ಯಾಡ್ರಿಡ್ ನಗರದಲ್ಲಿ ಮಾರಾಟಕ್ಕಿತ್ತು. ಸ್ವೀಡನ್ನಿನವರೊಬ್ಬರು ಕೊಂಡರು. ಈಗ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಲೈಬ್ರರಿಯಲ್ಲಿದೆ.

ಲಂಡನ್ನಿನಲ್ಲಿರುವ ನನ್ನ ಅಣ್ಣನ ಮಗ ಚರ್ಮದ ಮೇಲೆ ಬರೆದ ಒಂದು ಹಳೇ ಹಾಳೆ ತಂದುಕೊಟ್ಟಿದ್ದಾನೆ. ಇಂಗ್ಲೆಂಡಿನ ಮಠದ್ದು ಎಂದು ಅಂಗಡಿಯವನು ಹೇಳಿದನಂತೆ. ಫ್ರೇಮ್ ಹಾಕಿಸಬೇಕೆಂದಿದ್ದೇನೆ. ಯಾವ ಮಠದ್ದು ಎಂದು ತಿಳಿಯುವುದು ಹೇಗೆ ಮೇಡಂ?
— ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಬಿಡಿ ಹಾಳೆ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ರಟ್ಟಿಲ್ಲ, ಖಾಲಿ ಹಾಳೆ ಇಲ್ಲ. ಮಾರುವವರು ಇಡೀ ಪುಸ್ತಕ ಬಿಚ್ಚಿ ಹಾಳೆಗೆ ಇಷ್ಟು ಅಂತ ಮಾರಿದರೆ ಜಾಸ್ತಿ ಲಾಭ. ಅಮೆರಿಕದಲ್ಲಿ ಓಟೋ ಎಗೆ ಎಂಬ ಮೇಷ್ಟರು (1951ರಲ್ಲಿ ತೀರಿಕೊಂಡರು) ಹೀಗೆ ಎಷ್ಟೋ ಹಸ್ತಪ್ರತಿಗಳನ್ನು ಬಿಡಿಸಿ ಮಾರಿದರು. ಸಾಮಾನ್ಯರ ಕೈಗೂ ಒಂದು ಹಾಳೆ ಸಿಗಲಿ ಎಂಬುದು ಅವರ ವಾದ. ಅವರು ಬಿಡಿಸಿದ್ದನ್ನು ಇಂದಿನ ಸಂಶೋಧಕರು ಕಂಪ್ಯೂಟರಿನಲ್ಲಿ ಒಂದೊಂದಾಗಿ ಜೋಡಿಸುತ್ತಾ ಕೂತಿದ್ದಾರೆ.

ಅಂಗಡಿಯವರ ‘ಇಂಗ್ಲೆಂಡಿನ ಮಠ’ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಾರಾಟಕ್ಕೆ ಬರುವ ಬಿಡಿ ಹಾಳೆಗಳಲ್ಲಿ ಬಹಳಷ್ಟು, ಮಠದ್ದೇ ಅಲ್ಲ, ಮನೆಯಲ್ಲಿ ಜನ ಓದುವ ಪ್ರಾರ್ಥನೆ ಪುಸ್ತಕದ್ದು. ಇಂಗ್ಲಿಷರಿಗೆಂದೇ ಬೆಲ್ಜಿಯಂನ ಬ್ರೂಜ್ ಊರಿನಲ್ಲಿ ಅಂಥವನ್ನು ರಾಶಿಗಟ್ಟಲೆ ಮಾಡಿ ಹಡಗಿನಲ್ಲಿ ಕಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಬಳಸಿದ್ದು ನಿಜ, ಇಂಗ್ಲೆಂಡಿನಲ್ಲಿ ಮಾಡಿದ್ದಲ್ಲ. ನಿಮ್ಮ ಹಾಳೆ ಪಂಚಾಂಗದ್ದಾಗಿದ್ದರೆ ಅದೃಷ್ಟ. ಕತ್‌ಬರ್ಟ್, ಸ್ವಿದಿನ್, ಎಡ್ಮಂಡ್, ಎಥೆಲ್‌ಡ್ರೆಡಾ ಇಂಥ ಸಂತರ ಹೆಸರಿದ್ದರೆ ಇಂಗ್ಲೆಂಡಿನ ಓದುಗರಿಗೆ ಮಾಡಿದ್ದು ಎನ್ನಬಹುದು. ಕತ್‌ಬರ್ಟ್ ದೊಡ್ಡದಾಗಿ, ಬಣ್ಣದಲ್ಲಿದ್ದರೆ ಉತ್ತರದ ಡರಮ್ ಕಡೆ ಕಣ್ಣು ಹಾಯಿಸಬೇಕು. ಸತ್ತವರ ಹೆಸರು, ಮಕ್ಕಳು ಹುಟ್ಟಿದ ದಿನ ಯಾರಾದರೂ ಪಕ್ಕದಲ್ಲಿ ಬರೆದಿದ್ದರಂತೂ ಕೇಳುವುದೇ ಬೇಡ.

ಈಗ ಮಾಡಬೇಕಾದ್ದು. ಫ್ರೇಮ್ ಅಂಗಡಿಗೆ ಸದ್ಯ ಕೊಡಬೇಡಿ. ಕೆಲವರು ಅಂಚು ನೀಟಾಗಲೆಂದು ಕತ್ತರಿಸಿಬಿಡುತ್ತಾರೆ, ಅಂಟು ಹಚ್ಚುತ್ತಾರೆ. ಲ್ಯಾಮಿನೇಷನ್ ಹೆಸರನ್ನೇ ಎತ್ತಬೇಡಿ. ಬಿಸಿಲು ಬೀಳದ, ತೇವ ಬರದ ಕಡೆ ಎರಡು ಬಿಳಿ ಕಾಗದದ ನಡುವೆ ಮಟ್ಟಸವಾಗಿಡಿ. ಎರಡೂ ಬದಿಯ ಫೋಟೊ ತೆಗೆಯಿರಿ, ನಾಲ್ಕೂ ಅಂಚು ಪೂರ್ತಿ ಬರಬೇಕು, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಂಬರ್ ಇದ್ದರೆ ಅಪ್ಪಿತಪ್ಪಿಯೂ ಒರೆಸಬೇಡಿ. ಅಂಗಡಿಯ ರಸೀತಿ ಹುಡುಗನ ಹತ್ತಿರ ಇದೆಯಾ ಕೇಳಿ, ಇದ್ದರೆ ಅದರದೂ ಒಂದು ಫೋಟೊ. ಎಲ್ಲವನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮೂಲ ಹಾಳೆ ಮಾತ್ರ ಅಂಚೆಗೆ ಹಾಕಬೇಡಿ.